ನಿಪ್ಪಟ್ಟಿನ ಪಾಠ

ಏಳನೇ ತರಗತಿ, ಊಟವಾದ ಮೇಲಿನ ಪೀರಿಯಡ್ಡು.
ಪುಸ್ತಕದಲ್ಲಿ ಗಣಿಗಾರಿಕೆಗೆ ಒಂದೂವರೆ ಪುಟ,
ಅದರಲ್ಲೂ ಅರ್ಧ ಚಿತ್ರ.
ಕಿಟಕಿಯಾಚೆ ಕ್ವಾರಿ ಇಡಿಯಾಗಿಯೇ ಇದೆ,
ಅದಕ್ಕೆ ಪುಟಸಂಖ್ಯೆ ಇಲ್ಲ.

ಬಾಗಲೂರು ಕ್ರಾಸಿನ ಬೇಕರಿಯಿಂದ
ಮೂವತ್ತೊಂದು ನಿಪ್ಪಟ್ಟು ಕಟ್ಟಿಸಿಕೊಂಡು ಬಂದಿದ್ದೆ.
ತಲೆಗೊಂದು. ಜೊತೆಗೆ ಹಾರೆ ಗುದ್ದಲಿಯಾಗಿ
ನಮ್ಮ ಮನೆ ದೇವರ ಮುಂದೆ ಉರಿದು ಉಳಿದ
ಊದುಬತ್ತಿಯ ಕಡ್ಡಿ.

“ಇದು ನೆಲ,” ಅಂದೆ, “ಕಡಲೆಬೀಜವೇ ಅದಿರು.
ಒಂದು ಬೀಜಕ್ಕೆ ಹತ್ತು ರೂಪಾಯಿ, ಬಾಯಿಲೆಕ್ಕದ್ದು.
ಚೆಲ್ಲಿದ ಪುಡಿಗೆ ದಂಡ.
ಅಗೆದಾದ ಮೇಲೆ
ಹೇಗಿತ್ತೋ ಹಾಗೇ ಮಾಡಿ ನನ್ನ ಕೈಗೆ ಕೊಡಬೇಕು.”

ಎರಡು ನಿಮಿಷ ಭಯಭಕ್ತಿ.
ಉಸಿರು ಬಿಟ್ಟರೆ ಎಲ್ಲಿ ಒಡೆದೀತೋ ಎಂಬಂತೆ
ಬಗ್ಗಿದ ಮೂವತ್ತೊಂದು ಬೈತಲೆ, ಸುಳಿ, ಜಡೆ.
ಆಮೇಲೆ ಟಕ್ಕೆಂದು ಯಾರದೋ ಒಂದು ಮುರಿಯಿತು,
ಅಷ್ಟೇ. ಆ ಸದ್ದಿಗೆ ಎಲ್ಲರ ಕೈಗೂ ಧೈರ್ಯ ಬಂತು.

ಫುರ್ಖಾನ ಗಡಿ ದಾಟಿ ಪಕ್ಕದ ನಿಪ್ಪಟ್ಟಿಗೆ ನುಗ್ಗಿದ.
ಸುಗಂಧಿ ಅಂಚಿನಿಂದ ಶುರು ಮಾಡಿದಳು, ಅಂಚೇ ಹೋಯಿತು.
ಏಳುಮಲೈ ಒಂದೇ ತುತ್ತಿಗೆ ನುಂಗಿ
“ಗಣಿ ಮುಚ್ಚೋಯ್ತು ಮಿಸ್” ಅಂತ ಬಾಯಿ ತೆರೆದು ತೋರಿಸಿದ.
ನಗು. ನಾನೂ ನಕ್ಕೆ.

“ಕರಿಬೇವು ಏನು ಮಿಸ್?”
ಕಾಡು ಅಂದುಕೋ.
“ಈ ಎಳ್ಳು?”
ಅಲ್ಲಿ ಮೊದಲೇ ಇದ್ದವರು.
ಸುಗಂಧಿ ಬೆರಳ ತುದಿಗೆ ಅಂಟಿದ್ದ ಎಳ್ಳನ್ನು
ಎಲ್ಲಿಡಲಿ ಅಂತ ಸುಮ್ಮನೆ ಸುತ್ತ ನೋಡಿದಳು.

ಸರಿ, ಈಗ ಮೊದಲಿನ ಹಾಗೆ ಮಾಡಿ.

ಎಂಜಲು ಹಚ್ಚಿದರು. ಗೋಂದು ಕೇಳಿದರು.
ಪುಡಿ ಉಂಡೆಯಾಯಿತು, ಮುದ್ದೆಯಾಯಿತು,
ನಿಪ್ಪಟ್ಟಾಗಲಿಲ್ಲ.
ಫುರ್ಖಾನ ಮಾತ್ರ ಎಲ್ಲರಿಗಿಂತ ಮುಂಚೆ ಕೈ ಎತ್ತಿದ.
ಅವನ ತೂತುಗಳೆಲ್ಲ ಭರ್ತಿ!
ಪೆನ್ಸಿಲ್ ಹೆರೆದ ಸಿಪ್ಪೆ, ಚಾಕೊಲೇಟ್ ಕಾಗದ,
ರಬ್ಬರಿನ ಕಸ, ಒಂದು ಹರಿದ ಬಸ್ ಟಿಕೇಟು,
ಮೇಲೆ ನಯವಾಗಿ ಖಾರದ ಪುಡಿ ಸವರಿ
“ಆಯ್ತು ಮಿಸ್, ಲೆವೆಲ್ಲು.”

ಯಾರೂ ಹೇಳಿಕೊಟ್ಟಿರಲಿಲ್ಲ.
ಕಿಟಕಿಯಾಚೆ ಆಗಲೇ
ಹಿಮ್ಮುಖವಾಗಿ ಬರುತ್ತಿತ್ತು ಊರ ಕಸದ ಲಾರಿ,
ಪೀಂ ಪೀಂ ಅನ್ನುತ್ತ ಕ್ವಾರಿಯ ಬಾಯಿಗೆ.
ಮಲ್ಲೇಶ್ವರದ ಬಾಳೆಲೆ, ಕೋರಮಂಗಲದ ಡಬ್ಬಿ,
ಎಲ್ಲ ಒಂದೇ ಪಂಕ್ತಿಗೆ.
ನಮ್ಮ ಬೋರ್‌ವೆಲ್ ನೀರು ಚಹಾದ ಬಣ್ಣಕ್ಕೆ ತಿರುಗಿ
ಎರಡು ವರ್ಷವಾಯಿತು.
ಇವನಿಗೆ ಎಷ್ಟು ಅಂಕ ಕೊಡಲಿ?

ಕೊನೆಯ ಬೆಂಚಿನಲ್ಲಿ ಓಬಳೇಶ
ಕಡ್ಡಿ ಮುಟ್ಟಿರಲಿಲ್ಲ. ಎದುರಿಗೆ ಪೂರ್ಣ ಚಂದಿರ.
“ನಾನು ಗೆದ್ನಾ ಮಿಸ್?”
ಲೆಕ್ಕ ಹಾಕಿದೆ: ದಂಡ ಸೊನ್ನೆ. ಸಂಪಾದನೆ ಸೊನ್ನೆ.
“ಹಂಗಾದ್ರೆ ಊಟಕ್ಕೆ?”

ಶಿಕ್ಷಕರ ಕೈಪಿಡಿಯಲ್ಲಿ ಈ ಪ್ರಶ್ನೆ ಇಲ್ಲ.
ಅವನಪ್ಪ ಹದಿನಾರು ವರ್ಷ ಆ ಬಂಡೆಗೆ ಕುಳಿ ಕೊರೆದವನು.
ನಾವು ಕೂತಿರುವ ಈ ಕೊಠಡಿಯ ಪಾಯದ ಕಲ್ಲು
ಆತನ ಕೈಯಿಂದಲೇ ಬಂದದ್ದು.
ಕ್ರಷರ್ ನಿಂತಿತು.
ಧೂಳು ಮಾತ್ರ ಅವನ ಎದೆಯಲ್ಲಿ ಇನ್ನೂ ಪಾಳಿ ಮಾಡುತ್ತಿದೆ,
ರಾತ್ರಿ ಪಾಳಿ.

“ಗೊತ್ತಿಲ್ಲ ಕಣೋ,” ಅಂದೆ. “ನಾಳೆ ಅಲ್ಲಿಂದಲೇ ಶುರು ಮಾಡೋಣ.”
ಅವನು ತಲೆಯಾಡಿಸಿ, ನೋಟ್‌ಬುಕ್ಕಿನ ಹಾಳೆ ಹರಿದು
ನಿಪ್ಪಟ್ಟನ್ನು ಅದರೊಳಗೆ ಮಡಿಚಿಟ್ಟುಕೊಂಡ.
“ಅಪ್ಪನಿಗೆ ಬೀಜ ಅಂದ್ರೆ ಇಷ್ಟ.”

ಗಂಟೆ ಹೊಡೆಯಿತು. ಬೋರ್ಡಿನ ಮೇಲೆ
ನಾನೇ ದಪ್ಪಗೆ ಬರೆದ ‘ಗಣಿ’, ಸೀಮೆಸುಣ್ಣದ್ದು,
ಅದೂ ಎಲ್ಲೋ ಅಗೆದು ತಂದದ್ದೇ.
ಡಸ್ಟರ್ ಎತ್ತಿದೆ.
ನಾನು ಒರೆಸುವ ಮೊದಲೇ ಓಬಳೇಶ
ಅಂಗಿಯ ಕೊರಳನ್ನು ಮೂಗಿನ ತನಕ ಎಳೆದುಕೊಂಡಿದ್ದ,
ಮನೆಯಲ್ಲಿ ಕಲಿತ ಪಾಠ.

ಡಸ್ಟರ್ ಕೆಳಗಿಟ್ಟೆ.
ಸುಗಂಧಿಗೆ ಹೇಳಿ
ಒಂದು ಒದ್ದೆ ಬಟ್ಟೆ ತರಿಸಿದೆ.