ಮೂರನೇ ಸೀರಿ

ಮೊದಲು ತುಟ್ಟಿ ಸೀರಿ ಬಿಚ್ಚಬೇಕು,
ಅಕ್ಕಾರ ಎದಿ ಧಸಕ್ಕನಬೇಕು.
ಎರಡನೇದು ತೀರಾ ಸೋವಿ, ನೀರಿಗೆ ಬಣ್ಣ ಬಿಡೂವಂಥಾದ್ದು.
ಆಮ್ಯಾಲೆ ಒಂದು ಕಪ್ಪು ಚಹಾ.
ಆಮ್ಯಾಲೆ ಸುಮ್ಮನಿರಬೇಕು.
ಆಮ್ಯಾಲೆ ಮೂರನೇದು,
ಮೊದಲಿಂದ್ಲೂ ತೊಡಿ ಪಕ್ಕ ಮಡಚಿ ಇಟ್ಟುಕೊಂಡದ್ದು.

ಹುಬ್ಬಳ್ಳಿ ಜವಳಿ ಸಾಲಿನ್ಯಾಗ
ಜಿತೂರಿಯವರ ಗಾದಿ ಮ್ಯಾಲೆ
ಮೂವತ್ತೊಂದು ವರ್ಷ ಕುಂತು ಕಲ್ತದ್ದು ಇಷ್ಟ.
ಚಪ್ಪಲಿ ಬಿಡೂ ರೀತಿ ನೋಡಿ
ಚೀಲದಾಗಿನ ರೊಕ್ಕ ಎಣಸ್ತಿದ್ದೆ.
ಜೋಡಿ ಬಂದ ನಾದಿನಿ ಮಾರಿ ನೋಡಿ
ಬಣ್ಣ ಆರಸ್ತಿದ್ದೆ.
ಸೆರಗು ಮೂಗಿಗೆ ಹಿಡಿದಾಕಿ ಗಿರಾಕಿ,
ಬೆಳಕಿಗೆ ಹಿಡಿದಾಕಿ ಬರೇ ನೋಡಾಕಿ.

ನೀಲವ್ವ ಕುಬಸದ, ನೋಡಾಕಿ.
ಮಂಗಳವಾರ, ಮೂರರ ಬಿಸಲಿನ್ಯಾಗ
ಘಂಟಿಕೇರಿಯಿಂದ ನಡಕೋತ ಬಂದು
ಇಪ್ಪತ್ತು ಸೀರಿ ಬಿಚ್ಚಿಸಿ
ಒಂದು ಖಣ ಕೊಂಡು, ಕೆಲವೊಮ್ಮೆ ಅದೂ ಇಲ್ಲ,
‘ನಿನ್ನ ಮಡಿಕಿ ಚಂದ ನೋಡಪಾ’ ಅಂದು ಏಳಾಕಿ.
ಇಪ್ಪತ್ತೂ ಮತ್ತ ಮಡಚ್ತಿದ್ದೆ.
ಮಾಲಕರು ಕಣ್ಣೆತ್ತಿದ್ರ
‘ದೀಪಾವಳಿಗೆ ತಗೋತಾರಂತ್ರಿ’ ಅಂತಿದ್ದೆ.
ಯಾವ ದೀಪಾವಳಿ ಅಂತ ಅವರೂ ಕೇಳಲಿಲ್ಲ.

ಈಗ ಗೋಕುಲ ರೋಡಿನ್ಯಾಗ
ಮೊಮ್ಮಗ ಜಿತೂರಿದು ನಾಕು ಮಜಲಿನ ಶೋರೂಮು.
ಯಾವ ದಡಿ ಮ್ಯಾಲೆ ಯಾರ ಕಣ್ಣು ಎಷ್ಟೊತ್ತು ನಿಂತು
ಅಂತ ಬರಕೊಳ್ಳೂ ಕ್ಯಾಮರಾ.
ಬಾಗಲದಾಗ ಗಾಲಿ ಮ್ಯಾಲೆ ಓಡ್ಯಾಡೂ ಗೊಂಬಿ.
‘ಕಾಕಾ, ನಿಮ್ಮ ದನಿ ಬೇಕ್ರಿ’ ಅಂತ ಹೋದ ವರ್ಷ
ಗಾಜಿನ ಖೋಲ್ಯಾಗ ಕುಂಡ್ರಿಸಿ
ಮೂರು ದಿನ ಮಾತಾಡಿಸಿದ್ದ.
‘ಬರ್ರೀ ಅಕ್ಕಾರ’, ನೂರು ಸರ್ತಿ:
ನಕ್ಕೋತ, ದಣದು, ಹಬ್ಬದ ಗದ್ಲದಾಗ ಅಂದಂಗ.
ಚಪ್ಪಲಿ, ನಾದಿನಿ, ಮೂಗು, ಬೆಳಕು
ಎಲ್ಲಾ ಕೇಳಿದ, ಎಲ್ಲಾ ಹೇಳಿದೆ.
ಒಂದು ಶಾಲು, ಐದು ಸಾವಿರ, ಒಂದು ಡಬ್ಬಿ ಪೇಢೆ.

(ಮೊಳಕಾಲಿನ ಪಟ್ಟಿ ಎಷ್ಟಕ್ಕ ಅಂತ
ಒಮ್ಮೆ ಫೋನಿನ್ಯಾಗ ನೋಡಿದ್ದೆ.
ಅವತ್ತಿಂದ ಎಣ್ಣಿ, ಕೋಲು, ಗಾಲಿ ಕುರ್ಚಿ.
ನನಗಿಂತ ಮೊದಲ ಅದು ನನ್ನ ಮುದುಕನ್ನ ಮಾಡೇತಿ.)

ಮೊನ್ನೆ ಹೆಂಡತಿಗೊಂದು ಸೀರಿ ತರಾಕ ಹ್ವಾದೆ.
‘ಬರ್ರೀ ಅಣ್ಣಾರ’ ಅಂತು ಗೊಂಬಿ.
ನನ್ನ ಗಂಟಲು, ನನ್ನ ಕೆಮ್ಮೊಂದು ಬಿಟ್ಟು.
ಮೊದಲನೇದು ಇಪ್ಪತ್ನಾಕು ಸಾವಿರ. ಧಸಕ್.
ಎರಡನೇದು ಕಣ್ಣಿಗೇ ಚುಚ್ಚತಿತ್ತು.
ಆಮ್ಯಾಲೆ ಗೊಂಬಿ ಸುಮ್ಮನಾತು,
ನಾ ಎಷ್ಟೊತ್ತು ಸುಮ್ಮನಿರ್ತಿದ್ನೋ ಅಷ್ಟ ಹೊತ್ತು.
ಗೊತ್ತಿತ್ತು ನನಗ.
ಗೊತ್ತಿದ್ದೂ ಕೈ ಮುಂದ ಹೋತು.

ಹೊರಗ ಬರೂ ಮುಂದ, ಸ್ಟೀಲ್ ಬೆಂಚಿನ ಮ್ಯಾಲೆ ನೀಲವ್ವ.
ಗೊಂಬಿ ಅಕಿನ್ನ ಬಳಸಿ ಹೋಗಿ
ಹಿಂದಿನಾಕಿಗೆ ನೀರು ಕೊಡ್ತು.
ನಾಕು ಸರ್ತಿ ಬಂದೂ ಕೊಳ್ಳದವರ ಕಡೆ
ಅದು ತಿರಗೂದಿಲ್ಲಂತ.
ಇದನ್ನ ನಾ ಕಲಿಸಿದ್ದಲ್ಲ.
ಕಲಿಸಬ್ಯಾಡಂತನೂ ಹೇಳಿರಲಿಲ್ಲ.

‘ನಿನ್ನ ದನಿ ಕೇಳಿ ಒಳಗ ಬಂದೆಪಾ’ ಅಂದ್ಲು.
ಚೀಲದಿಂದ ತಗದು ಬಿಚ್ಚಿ ತೋರಿಸಿದೆ.
ಬೆಳಕಿಗೆ ಹಿಡದು ನೋಡಿದ್ಲು, ಬಾಳ ಹೊತ್ತು.
‘ಸೀರಿ ಇರ್ಲಿ, ಮಡಿಕಿ ಇವರಿಗೆ ಬರೂದಿಲ್ಲ.’
ಅಲ್ಲೇ ನೆಲಕ್ಕ ಕುಂತು, ಮೊಳಕಾಲು ನೂಯಿಸ್ಕೋತ,
ಮತ್ತ ಮಡಚಿದೆ.

ಮನ್ಯಾಗ ಹೆಂಡತಿ ಒಂದ ಸಲ ನೋಡಿದ್ಲು.
‘ಹಸರ ದಡಿ ಬ್ಯಾಡಂತ ಹೇಳಿದ್ದೆ.
ಯಾರ ಇದನ್ನ ನಿಮ್ಮ ತಲಿಗೆ ಕಟ್ಟಿದವರು?’

‘ನಾನ’ ಅಂದೆ.