ಎಡಪಕ್ಕೆ

ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಊರಿ ನಿಂತಿದ್ದೇನೆ.
ಬೆಳಗಿನ ಐದೂಕಾಲು. ಚಿಂತಾಮಣಿಯ ಮೊದಲ ಬಸ್ಸು
ಇನ್ನೂ ಹಾರನ್ ಹಾಕಿಲ್ಲ.
ಎರಡು ನಿಮಿಷಕ್ಕೆ ಮೂರು ಸಲವಾದರೂ
ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ
ಮುಷ್ಟಿಯನ್ನು ಎತ್ತಿ ಇಳಿಸಬೇಕಂತೆ,
ಕಾಂಪೌಂಡರ್ ಯರ್ರಪ್ಪ ಕಲಿಸಿದ ಲೆಕ್ಕ.
ಇದುವರೆಗೆ ಒಂದು. ಅದೂ ಅನುಮಾನದ್ದು.

ತಪ್ಪು ನನ್ನದೇ.
ಡೈರಿಯ ಮಿಷನ್ನು ಮೂರು ದಿನ ಬಿಡದೆ
ಮೂರು ಪಾಯಿಂಟ್ ಒಂದು ಅಂತ ಕೆಂಪಗೆ ಮಿನುಗಿತ್ತು.
ಹಿಂದೆ ನಿಂತ ಪಿಳ್ಳಕ್ಕ ಇಣುಕಿ ನೋಡಿ
ಏನೂ ಅನ್ನಲಿಲ್ಲ. ಅದೇ ಚುಚ್ಚಿತು.
ಕೊಬ್ಬು ತಾನೇ ಬೇಕು, ಕೊಬ್ಬೇ ಕೊಡೋಣ ಎಂದು
ಬೂಸಾಕ್ಕೆ ಅರ್ಧ ಲೀಟರ್ ಕಡ್ಲೆಕಾಯಿ ಎಣ್ಣೆ ಸುರಿದೆ,
ಮನೆಯ ಒಗ್ಗರಣೆಗೆ ಚಮಚ ಎಣಿಸುವವಳು.

ಎರಡನೇ ದಿನಕ್ಕೆ ಸಗಣಿ ತೆಳ್ಳಗೆ, ಎಣ್ಣೆಮಿಂಚು;
ರಾಗಿಹುಲ್ಲು ಹೋದದ್ದು ಹೋದ ಹಾಗೇ ಬಂದಿತ್ತು.
ಮಿಷನ್ನು ಎರಡು ಪಾಯಿಂಟ್ ಎಂಟಕ್ಕೆ ಇಳಿಯಿತು.
ಮೆಲುಕು ನಿಂತಿತು.
ದವಡೆಯ ಸದ್ದಿಲ್ಲದ ಕೊಟ್ಟಿಗೆ ಎಷ್ಟು ದೊಡ್ಡದು ಅಂತ
ಆ ರಾತ್ರಿಯೇ ನನಗೆ ಗೊತ್ತಾದದ್ದು.

"ಒಳಗೆ ಕೋಟಿ ಜನ ಇದಾರಮ್ಮ," ಅಂದ ಯರ್ರಪ್ಪ,
"ಹುಲ್ಲು ಬಿಡಿಸೋ ಕೂಲಿಯವರು, ಕಣ್ಣಿಗೆ ಕಾಣಲ್ಲ.
ಎಣ್ಣೆ ಬಳಿದ ಕಡ್ಡಿ ಕೈಗೆ ಸಿಕ್ಕುತ್ತಾ? ಜಾರುತ್ತೆ.
ಅವರು ಉಪವಾಸ, ನಿಮ್ಮ ಹಸುಗೆ ಹೊಟ್ಟೆ ತುಂಬಿದ್ರೂ ಹಸಿವು.
ಕೊಡಲೇಬೇಕಂದ್ರೆ ಸುಣ್ಣ ಕಟ್ಟಿದ ಕೊಬ್ಬಿನ ಪುಡಿ ಬರುತ್ತೆ,
ಮೊದಲ ಹೊಟ್ಟೇಲಿ ತುಟಿ ಬಿಚ್ಚದೆ ದಾಟ್ಕೊಂಡು
ಮುಂದೆ ಹೋಗಿ ಗಂಟು ಬಿಚ್ಚುತ್ತೆ.
ಅದೂ ಹಿಡಿ. ಬೊಗಸೆ ಅಲ್ಲ."

ಎಣ್ಣೆ ನಿಲ್ಲಿಸಿದೆ. ಒಣಹುಲ್ಲು, ಒಂದಿಷ್ಟು ಸೋಡಾ.
ಜೊತೆಗೆ ಡೈರಿಯ ಖನಿಜದ ಪುಡಿ, ಬೂದಿಬಣ್ಣದ್ದು;
ಇವಳು ಗೋಡೆ ನೆಕ್ಕುತ್ತಾಳಲ್ಲ, ಅದಕ್ಕೆ.
ಹೋದ ತಿಂಗಳು ನನ್ನ ಒದ್ದೆ ಸೆರಗು ಅಗಿದು
ಅರ್ಧ ನುಂಗಿದ್ದಳು. ಬೈದಿದ್ದೆ.

ಪೊಟ್ಟಣ ಕತ್ತರಿಸಿ, ಯಾರೂ ಇಲ್ಲವೆಂದು ನೋಡಿಕೊಂಡು,
ನಾಲಿಗೆ ತುದಿಗೆ ಚೂರು ಇಟ್ಟುಕೊಂಡೆ.
ಉಪ್ಪು. ಆಮೇಲೆ ಸುಣ್ಣ. ಆಮೇಲೆ
ಬಳಪ.

ಶಶಿಕಳಾ ಹೊಟ್ಟೆಯಲ್ಲಿದ್ದಾಗ
ಸ್ಕೂಲ್ ಎದುರಿನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಕೊಂಡು
ಸೌದೆ ಒಟ್ಟಿಲ ಮರೆಯಲ್ಲಿ ಕಟಕಟ ಕಡಿದದ್ದು.
ಅತ್ತೆ ನನ್ನ ಸೊಂಟದ ಗಂಟಿನಿಂದ ತುಂಡು ತೆಗೆದು
ಬೀದಿಗೆಲ್ಲ ತೋರಿಸಿದ್ದರು.
ಆಗ ನನಗೆ ಯಾರೂ ಪೊಟ್ಟಣ ತರಲಿಲ್ಲ.

ಬಸ್ಸು ಹಾರನ್ ಹಾಕಿತು.
ಪಿಳ್ಳಕ್ಕ ಕ್ಯಾನು ಹಿಡಿದು ಬಾಗಿಲಲ್ಲಿ,
"ಏನೇ, ಬೆಳಗ್ಗೇನೇ ಹಸುಗೆ ಗುದ್ದುತಿದೀಯಾ?"
ತಡಿ, ಮಾತಾಡಬೇಡ.

ಎರಡು.