ಕಳೆಯುವ ಲೆಕ್ಕ

ಬೀರುವಿನ ಕೀಲಿ, ಹಾಜರಿ ಪುಸ್ತಕ, ಬಿಸಿಯೂಟದ ಅಕ್ಕಿ ಲೆಕ್ಕ
ಎಲ್ಲ ಒಪ್ಪಿಸಿ ಸಹಿ ಹಾಕಿ ಬಂದೆ.
ಹಾರದ ಸೇವಂತಿಗೆ ಮೂರು ದಿನ ಬಾಳಿತು.
ಒಂಬತ್ತೂವರೆ ಆದರೆ ಸಾಕು, ಕೈ ಮಾತ್ರ
ಜೇಬಿನಲ್ಲಿ ಸೀಮೆಸುಣ್ಣ ಹುಡುಕುತ್ತದೆ.

ಕೆ.ಎಂ. ದೊಡ್ಡಿಯಲ್ಲಿ ಕಬ್ಬು ಅರೆಯುವ ಹಂಗಾಮು.
ಕಾರ್ಖಾನೆ ಗೇಟಿನಿಂದ ನಮ್ಮ ಬೀದಿವರೆಗೂ
ಟ್ರ್ಯಾಕ್ಟರು, ಎತ್ತಿನಗಾಡಿ, ಕಾಕಂಬಿಯ ಕಮಟು.
ಟೀ ಅಂಗಡಿ ಬೆಂಚಿನ ಮೇಲೆ ಸುಮ್ಮನೆ ಕೂತವನ ಮುಂದೆ
ಸಣ್ಣತಾಯಿ ತೂಕದ ಚೀಟಿ ಚಾಚಿದಳು:
'ತುಂಬಿದ ಗಾಡಿ ಇಷ್ಟು, ಬರೀ ಗಾಡಿ ಇಷ್ಟು,
ಕಬ್ಬೆಷ್ಟು? ವಸಿ ನೋಡಿ ಮೇಷ್ಟ್ರೇ.'

ಹೇಳಿಬಿಡಬಹುದಿತ್ತು. ಬಾಯಿ ಕೇಳಲಿಲ್ಲ.
'ಎರಡರಲ್ಲಿ ಏಳು ಹೋಗಲ್ಲ. ಏನು ಮಾಡಬೇಕು?'

ಸೆರಗು ಕಚ್ಚಿ ನಕ್ಕಳು,
ಏಳನೇ ಕ್ಲಾಸಿನಲ್ಲಿ ನಾನೇ ಫೇಲು ಮಾಡಿದ್ದ ಅದೇ ನಗು:
'ಪಕ್ಕದ ಮನೇಲಿ ಕಡ ಈಸ್ಕಬೇಕು.'

ಮೂವತ್ತಾರು ವರ್ಷ ಹೇಳಿಕೊಟ್ಟೆ ಇದನ್ನ,
ಯಾರ ಪಡಸಾಲೆಯನ್ನೂ ಹತ್ತದೆ.

ಅವಳ ಹಿಂದೆ ಇನ್ನೂ ನಾಲ್ಕು ಚೀಟಿ, ನಾಲ್ಕು ಕೈ.
ಗಾಡಿ ಸಾಲು ಜರುಗಿತು, ಲೆಕ್ಕ ಮುಗಿಯಲಿಲ್ಲ.
ಎರಡು ಟೀ ಕುಡಿದಿದ್ದೆ. ಜೇಬು ತಡವಿದರೆ
ಸೀಮೆಸುಣ್ಣವೂ ಇಲ್ಲ, ಕಾಸೂ ಇಲ್ಲ.

'ಸಣ್ಣತಾಯಿ,' ಅಂದೆ,
'ಇಪ್ಪತ್ತು ರೂಪಾಯಿ ಇದ್ದರೆ ಕೊಡವ್ವ.'